ಬಿಜಲಿಯ ಬ್ರಷ್ಷು

ಮುದ್ದೆ ಮುರಿದಾಗ ಒಳಗಿನಿಂದ ಕೂದಲು ಬಂತು. ಬೆರಳುದ್ದದ ಕೆಂಪು ಕೂದಲು. ಮುನಿವೆಂಕಟಪ್ಪ ಅದನ್ನು ಎರಡು ಬೆರಳಲ್ಲಿ ಹಿಡಿದು ಹೆಂಡತಿಗೆ ತೋರಿಸಿ, ತಟ್ಟೆಯನ್ನು ಮುಂದಕ್ಕೆ ತಳ್ಳಿದ.

"ಇದು ನಿನ್ನ ತಲೇದಲ್ಲ, ಆ ನಾಯೀದು. ನಾಳೆ ಬೆಳಗ್ಗೆ ಗಂಗಣ್ಣನ ಲಾರಿ ಹೊಸಕೋಟೆ ಕಡೆ ಹೋಗ್ತದೆ. ಹತ್ತಿಸಿ ಕಳಿಸ್ತೀನಿ. ಎಲ್ಲಾದ್ರೂ ಬಿಟ್ಟು ಬರ್ಲಿ."

"ಬೇಸಿಗೆ ಅಲ್ವಾ, ಉದುರಿಸ್ತದೆ. ಎರಡು ಮಳೆ ಬಿದ್ರೆ ನಿಲ್ತದೆ," ಎಂದಳು ಪಿಳ್ಳಮ್ಮ.

"ಮಳೆ ಬೀಳೋವರೆಗೂ ನಾನು ಕಂಬಳಿ ತಿನ್ನಲಾ?"

ಕೈ ತೊಳೆದವನೇ ಜಗಲಿಗೆ ಹೋಗಿ ಬೀಡಿ ಹಚ್ಚಿದ. ಕೂದಲು ಬರೀ ನೆಪ ಎಂದು ಪಿಳ್ಳಮ್ಮನಿಗೆ ಗೊತ್ತಿತ್ತು. ಆ ಕೆಂಚಿ ಅವನ ಜಟಕಾದ ಅಡಿಯಲ್ಲಿ, ಎರಡು ಚಕ್ರಗಳ ನಡುವೆ, ದೇವನಹಳ್ಳಿ ಕೋಟೆ ಬಾಗಿಲಿನಿಂದ ರೈಲ್ವೆ ಸ್ಟೇಷನ್ನಿನವರೆಗೆ ದಿನವೂ ಓಡಿದ ನಾಯಿ. ಎಪ್ಪತ್ತೊಂದರಲ್ಲಿ ಸ್ಟೇಷನ್ನಿಗೆ ಬಸ್ಸು ಬಿಟ್ಟರು. ಜಟಕಾ ಹತ್ತುವವರೇ ಇಲ್ಲವಾದಾಗ ಅವನು ಬಿಜಲಿಯನ್ನು ಗಾಡಿ ಸಮೇತ ಮಾರಿಬಿಟ್ಟ. ಬಿಳಿ ಕುದುರೆ. ಹೆಸರಿಗೆ ಬಿಜಲಿ, ಓಟ ಮಾತ್ರ ಬಸುರಿ ಎಮ್ಮೆಯದು ಎಂದು ಪಿಳ್ಳಮ್ಮನೇ ಆಡಿಕೊಳ್ಳುತ್ತಿದ್ದಳು. ಅದನ್ನು ಹೊಡೆದುಕೊಂಡು ಹೋದ ದಿನ ಅವಳೂ ಅತ್ತಿದ್ದಳು.

ಈಗ ಅವನಿಗೆ ಸೌದೆ ಡಿಪೋದಲ್ಲಿ ಕಾವಲು ಕೆಲಸ. ಕುದುರೆಯ ಹೆಸರನ್ನು ಅವನು ಬಾಯಲ್ಲಿ ತರುತ್ತಿರಲಿಲ್ಲ. ಕೆಂಚಿಗೆ ಮಾತ್ರ ಇದೊಂದೂ ತಿಳಿಯದು. ಖಾಲಿ ಲಾಯದಲ್ಲೇ ಮಲಗುತ್ತಿತ್ತು. ಬೆಳಗಿನ ರೈಲು ಕೂಗಿದರೆ ಎದ್ದು ಹೋಗಿ, ಇಲ್ಲದ ಗಾಡಿಗೆ ಕಾಯುತ್ತಾ ಬೀದಿಯಲ್ಲಿ ನಿಲ್ಲುತ್ತಿತ್ತು. ಅದನ್ನು ನೋಡುವುದು ಅವನ ಕೈಲಿ ಆಗುತ್ತಿರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ, ಈಗ ನಾಯಿಗೆ ಲಾರಿ.

ಪಿಳ್ಳಮ್ಮ ಕೆಂಚಿಯನ್ನು ಅಂಗಳಕ್ಕೆ ಎಳೆದು ತಂದು ಕೂತಳು. ತನ್ನ ಮರದ ಬಾಚಣಿಗೆಯಲ್ಲಿ ಬಾಚಿದಳು. ಬೆನ್ನಿನ ಗಂಟಿಗೆ ಸಿಕ್ಕಿ ಎರಡು ಹಲ್ಲು ಮುರಿದವು. ಹೇನು ತೆಗೆಯುವ ಸೀರಣಿಗೆ ತಂದಳು. ಒಂದು ಸಲ ಎಳೆದದ್ದೇ ತಡ, ಕೆಂಚಿ ಕುಂಯ್‌ಗುಟ್ಟಿ ಅವಳ ಕೈಯನ್ನೇ ಬಾಯಲ್ಲಿ ಹಿಡಿದು, ಕಚ್ಚದೆ ಬಿಟ್ಟಿತು. ಪಾತ್ರೆ ಉಜ್ಜುವ ತೆಂಗಿನ ನಾರಿನಲ್ಲಿ ಉಜ್ಜಿದರೆ ಕಚಗುಳಿಯಾಗಿ ಅಂಗಾತ ಬಿದ್ದು ಹೊರಳಾಡಿತು. ಕೂದಲು ಇದ್ದಲ್ಲೇ ಇತ್ತು.

ಇನ್ನು ಉಳಿದಿದ್ದು ಒಂದೇ. ಬಿಜಲಿಗೆ ಮಾಲೀಸು ಮಾಡುತ್ತಿದ್ದ ಬ್ರಷ್ಷು. ಕುದುರೆ ಕೊಂಡವನು ಕೇಳಿದಾಗ "ಅದೆಲ್ಲೋ ಕಳೆದೋಯ್ತು" ಎಂದು ಹಸಿ ಸುಳ್ಳು ಹೇಳಿ ಮುನಿವೆಂಕಟಪ್ಪ ಅದೊಂದನ್ನು ಉಳಿಸಿಕೊಂಡಿದ್ದ. ಬಾಗಿಲ ಹಿಂದಿನ ಮೊಳೆಗೆ ನೇತು ಹಾಕಿದವನು ತಾನೂ ಮುಟ್ಟಿರಲಿಲ್ಲ, ಅವಳಿಗೂ ಮುಟ್ಟಗೊಟ್ಟಿರಲಿಲ್ಲ.

ಪಿಳ್ಳಮ್ಮ ಒಳಗೆ ಹೋಗಿ ಅದನ್ನು ತೆಗೆದುಕೊಂಡು ಬಂದಳು. ಅವನು ಜಗಲಿಯಿಂದಲೇ ನೋಡಿದ. ಅಷ್ಟು ವರ್ಷ ಅವನು ಮಾಲೀಸು ಮಾಡುವುದನ್ನು ಕಂಡವಳಿಗೆ ಬ್ರಷ್ಷು ಹಿಡಿಯುವ ರೀತಿ ಗೊತ್ತಿಲ್ಲದೆ ಇರುತ್ತದೆಯೇ? ಆದರೂ ಅವಳು ಬಾಲದಿಂದ ಕತ್ತಿನ ಕಡೆಗೆ ಎಳೆದಳು.

"ಎದುರು ಕೂದಲಿಗೆ ಎಳೀಬೇಡ್ವೇ, ಉರೀತದೆ ಅದಕ್ಕೆ."

"ನಂಗೇನ್ ಗೊತ್ತು? ನಾನೇನು ಜಟಕಾ ಹೊಡೆದಿದ್ದೀನಾ?" ಎಂದು ಮತ್ತೆ ಹಾಗೆಯೇ ಎಳೆದಳು.

"ಲೇ, ಕೊಡು ಇಲ್ಲಿ."

ಬೀಡಿ ಎಸೆದು ಬಂದು ಮಂಡಿಯೂರಿ ಕೂತ. ಮೊದಲು ಬರಿಗೈಯಿಂದ ಕೆಂಚಿಯ ಮೈಯನ್ನು ಸುತ್ತು ಸುತ್ತಾಗಿ ತಿಕ್ಕಿ ಸತ್ತ ಕೂದಲನ್ನು ಸಡಿಲ ಮಾಡಿದ. ಗಂಟುಗಳನ್ನು ಬೆರಳಲ್ಲೇ ಬಿಡಿಸಿದ. ಆಮೇಲೆ ಬ್ರಷ್ಷನ್ನು ಕತ್ತಿನಿಂದ ಬಾಲದ ಕಡೆಗೆ ಉದ್ದಕ್ಕೆ ಎಳೆದ. ಕೆಂಚಿ ಕಣ್ಣು ಮುಚ್ಚಿ ನಿಂತುಬಿಟ್ಟಿತು. ನಾಲ್ಕಾರು ಸಲ ಎಳೆದು, ಬ್ರಷ್ಷನ್ನು ಮೆಟ್ಟಿಲು ಕಲ್ಲಿಗೆ ಬಡಿದ. ಕೆಂಪು ಕೂದಲು ಉಂಡೆಯಾಗಿ ಬಿತ್ತು. ಅದರ ಜೊತೆಗೆ ಒಂದೆರಡು ಬಿಳಿ ಕೂದಲು.

ಅವನ ಕೈ ನಿಂತಿತು.

"ಬಿಜಲೀದು," ಎಂದ.

"ಹ್ಞೂಂ," ಎಂದಳು ಪಿಳ್ಳಮ್ಮ.

ಮತ್ತೆ ಶುರು ಮಾಡಿದಾಗ ಅವನ ನಾಲಿಗೆ ತಾನಾಗಿಯೇ ಲೊಚಗುಟ್ಟತೊಡಗಿತು. ಕುದುರೆ ಮಿಸುಕದಿರಲಿ ಎಂದು ಮಾಡುತ್ತಿದ್ದ ಅದೇ ಸದ್ದು. ಹೊಟ್ಟೆ ಆಯಿತು, ತೊಡೆ ಆಯಿತು. ಹುರುಳಿ ಬೇಯಿಸುತ್ತಿದ್ದ ಒಲೆ, ಗಾಡಿಗೆ ಕಟ್ಟುವ ಮುಂಚಿನ ಗಡಿಬಿಡಿ, ಸ್ಟೇಷನ್ನಿಗೆ ಹೋಗುವವರ ಕೂಗು, ಎಲ್ಲವೂ ಆ ಸದ್ದಿನ ಹಿಂದೆಯೇ ಅಂಗಳಕ್ಕೆ ಬಂದಂತೆ ಪಿಳ್ಳಮ್ಮನಿಗೆ ಅನಿಸಿತು. ಕೊನೆಗೆ ಅವನು ಕೆಂಚಿಯ ಮುಂಗಾಲಿನ ಹಿಂದೆ ಮೆಲ್ಲಗೆ ತಟ್ಟಿ, "ಕಾಲು ಕೊಡವ್ವಾ," ಎಂದ.

ಲಾಯದಲ್ಲಿ ಮಲಗಿಕೊಂಡು ದಿನವೂ ಆ ಮಾತು ಕೇಳಿದ್ದಕ್ಕೋ ಏನೋ, ಕೆಂಚಿ ಕಾಲೆತ್ತಿ ಕೊಟ್ಟಿತು. ಅವನು ಅದನ್ನು ಅಂಗೈಯಲ್ಲಿ ಮಗುಚಿ ಹಿಡಿದ. ಹೆಬ್ಬೆರಳು ಮೆತ್ತನೆಯ ಪಾದದ ಅಂಚಿನುದ್ದಕ್ಕೂ ಏನನ್ನೋ ಹುಡುಕುತ್ತಾ ಹೋಯಿತು, ಒಂದು ಸುತ್ತು ಬಂದು ನಿಂತಿತು. ಅವನು ತಲೆ ಎತ್ತಲಿಲ್ಲ.

ಬೇರೆ ದಿನವಾಗಿದ್ದರೆ ಪಿಳ್ಳಮ್ಮ ನಕ್ಕು ಬೀದಿಗೆಲ್ಲ ಹೇಳಿಕೊಂಡು ಬರುತ್ತಿದ್ದಳು. ಇವತ್ತು ಪಕ್ಕದಲ್ಲಿ ಕೂತು ಮೆಲ್ಲಗೆ ಕೇಳಿದಳು:

"ಲಾಳ ಹೆಂಗೈತೆ?"

ಅವನು ಕಾಲನ್ನು ಕೆಳಗಿಡಲಿಲ್ಲ.

"ಗಟ್ಟಿಯಾಗೈತೆ ಕಣೇ," ಎಂದ. "ಗಂಗಣ್ಣಂಗೆ ಲಾರಿ ಬೇಡ ಅಂತ ಹೇಳ್ಬಿಡು. ಇವಳು ಇನ್ನೂ ಓಡ್ತಾಳೆ."