ಬೆರಳಿನಡಿಯ ದವಡೆ

ಡಾಕ್ಟರ್ ಲಿಜ್ಜಿ ಕಿವಿಯ ಮುಂದೆ ದವಡೆಯ ಕೀಲನ್ನು ಒತ್ತಿದ್ದೇ ತಡ, ಮುದಕಪ್ಪ ಕುರ್ಚಿಯಿಂದ ಅರ್ಧ ಎದ್ದುಬಿಟ್ಟ. ಅದೇ ನೋವು. ಸ್ಕ್ಯಾನಿಗೆ, ಹೊಸ ಕನ್ನಡಕಕ್ಕೆ, ಮಾತ್ರೆಗೆ ಸಿಗದ ತಲೆನೋವು ಈ ಹಲ್ಲಿನ ಡಾಕ್ಟರ ಎರಡು ಬೆರಳಿಗೆ ಸಿಕ್ಕಿತ್ತು.

"ನಿದ್ದೆಯಲ್ಲಿ ಹಲ್ಲು ಕಡಿಯುವುದುಂಟಾ ನೀವು?" ಮಂಗಳೂರು ಕಡೆಯ ಡಾಕ್ಟರು ಕೇಳಿದರು.

"ಇಲ್ರೀ."

ಜೊತೆಗೆ ಬಂದಿದ್ದ ಶರಣು ನಕ್ಕ. ಗಲ್ಫಿನ ಮೀನಾ ಅಬ್ದುಲ್ಲಾದ ಕಾರ್ಮಿಕರ ಕ್ಯಾಂಪಿನಲ್ಲಿ ಇಬ್ಬರದೂ ಒಂದೇ ರೂಮು. "ಸುಳ್ಳ್ರೀ ಮೇಡಂ! ನಮ್ಮಣ್ಣ ಜ್ವಾಳಾ ಬೀಸಿದಂಗ ಕಡೀತಾನ. ಕೇಳ್ರಿ ಬೇಕಾದ್ರ." ಅವನ ಮೊಬೈಲಿನಿಂದ ಕರಕರ ಸದ್ದು ಹೊರಟಿತು, ಅದರ ಹಿಂದೆಯೇ ರೂಮಿನವರ ನಗು.

"ಯಾವಾಗ ತಗದಿ ಈ ವಿಡಿಯೋ?"

"ಹೋದ ವರ್ಷನ, ಅಣ್ಣಾ. ಇಡೀ ಕ್ಯಾಂಪಿಗೇ ತೋರಿಸೇನಿ. ಶೈಲಾ ವೈನಿಗೂ ಕಳಿಸಿದ್ದೆ. ಬಿದ್ದ ಬಿದ್ದ ನಕ್ಕಾರ."

ಬಾದಾಮಿಯಲ್ಲಿರುವ ಹೆಂಡತಿ ಶೈಲಾ ಫೋನಿನಲ್ಲಿ ದಿನಾ ಮೊದಲು ಕೇಳುವುದೇ ತಲೆನೋವು ಹೇಗಿದೆ ಎಂದು. ಅದು ವಾಸಿಯಾಗಲೆಂದು ಸೋಮವಾರದ ಉಪವಾಸ ಬೇರೆ ಹಿಡಿದಿದ್ದಾಳೆ. ಹಲ್ಲು ಕಡಿಯುವ ಸುದ್ದಿಯನ್ನು ಮಾತ್ರ ಒಂದು ದಿನವೂ ಎತ್ತಿರಲಿಲ್ಲ. ಎಲ್ಲರಿಗೂ ಗೊತ್ತಿತ್ತು, ನೋವಿದ್ದವನೊಬ್ಬನನ್ನು ಬಿಟ್ಟು. ಮುದಕಪ್ಪ ಶರಣುವನ್ನೇ ನೋಡಿದ.

ಡಾಕ್ಟರ ಬೆರಳುಗಳು ಇನ್ನೂ ಅವನ ಕೆನ್ನೆಯ ಮೇಲೇ ಇದ್ದವು. ಅವುಗಳಡಿಯಲ್ಲಿ ಸ್ನಾಯು ಕಲ್ಲಿನಂತೆ ಗಟ್ಟಿಯಾಯಿತು.

"ಈಗ ಹಲ್ಲು ಕಚ್ಚಿ ಹಿಡಿದಿರಲ್ಲ," ಎಂದರು ಅವರು ಮೆಲ್ಲಗೆ, "ಇದೇ ನಿಮ್ಮ ತಲೆನೋವು."