ಒಡೆಯನ ಕಣ್ಣಿಗೂ ಅದೇ ಹನಿ

ನೆನೆಸಿದ ನಂದಿಬಟ್ಟಲು ಹೂವಿನ ಕಂಪು ತುಂಗವ್ವನಿಗೆ ಇಂದು ಮತ್ತೆ ನೆನಪಾಯಿತು. ಬಾಲ್ಯದಲ್ಲಿ ಕಣ್ಣು ಉರಿದರೆ ಅವ್ವ ಆ ಹೂವನ್ನು ರೆಪ್ಪೆಯ ಮೇಲಿಡುತ್ತಿದ್ದಳು. ದೊಡ್ಡವಳಾದ ಮೇಲೆ, ಕಣ್ಣುಬೇನೆ ಬಾರದಿರಲೆಂದು ಔಷಧ ಕಾರ್ಖಾನೆಯವರು ಹಂಚಿದ ಆ್ಯಂಟಿಬಯಾಟಿಕ್ ಹನಿಯನ್ನು ಚೆನ್ನಾಗಿದ್ದ ಬಲಗಣ್ಣಿಗೆ ವರ್ಷವಿಡೀ ಬಿಟ್ಟುಕೊಂಡು, ಆ ಕಣ್ಣನ್ನೇ ಕಳೆದುಕೊಂಡಳು.

ಕಣ್ಣು ಹೋದವರು ಹನಿ ಮಾಡಿದವನ ಕಣ್ಣಿಗೆ ಅಷ್ಟೇ ಕಾಲ ಅದೇ ಹನಿ ಬಿಡಬೇಕು. ಕಣ್ಣು ತಿಳಿಯಾಗಿ ಉಳಿದರೆ ಅವನು ನಿರಪರಾಧಿ. ಈಗಿನ ಕಾನೂನು ಅದು. ಊರೂರಿಗೂ ಅದಕ್ಕೆಂದೇ ಒಂದು ಕಟ್ಟೆಯಿತ್ತು.

ಇಂದು, ಹನಿ ಬಿಡುವ ವರ್ಷದ ಕೊನೆಯ ದಿನ, ಕಾರ್ಖಾನೆಯ ಒಡೆಯ ಬಸಲಿಂಗಪ್ಪ ಕಟ್ಟೆಯ ಮೇಲೆ ತುಂಗವ್ವನ ಮುಂದೆ ಮುಖವೆತ್ತಿ ಕುಳಿತ.

"ಕಣ್ಣ ಮುಚ್ಚಬ್ಯಾಡ್ರಿ ಸಾಹುಕಾರ್ರ. ನೀರಿನಂಗ ಐತಿ, ಏನೂ ಆಗೂದಿಲ್ಲ ಅಂದಿದ್ರಲ್ಲ?"

"ಯವ್ವಾ, ಉರೀತದ."

"ನನಗೂ ಹಿಂಗ ಉರೀತಿತ್ರಿ."

ಹನಿ ಬಿಟ್ಟ ಮೇಲೆ ಅವನ ಎಡಗಣ್ಣನ್ನು ಅಂಗೈಯಿಂದ ಮುಚ್ಚಿ, ಬೆರಳು ತೋರಿಸಿದಳು.

"ಎಷ್ಟ ಅದಾವ ಹೇಳ್ರಿ?"

ಅವನು ಬೆರಳಿದ್ದ ಕಡೆ ಬಿಟ್ಟು ಬೇರೆಡೆ ನೋಡಿದ. ಬಲಗಣ್ಣಿನ ಕರಿಗುಡ್ಡೆಯ ಮೇಲೆ ಮಜ್ಜಿಗೆ ಚೆಲ್ಲಿದಂತೆ ಬಿಳುಪು ಹರಡಿತ್ತು. ತುಂಗವ್ವನ ಹೊಟ್ಟೆ ತಣ್ಣಗಾಯಿತು. ಕಟ್ಟೆಯ ಸುತ್ತಲಿನವರಿಗೆಲ್ಲ ಕೇಳುವಂತೆ ನಕ್ಕಳು.

ಜನ ಚದುರಿದರು. ಅವನು ಪಕ್ಕದಲ್ಲಿಟ್ಟಿದ್ದ ತನ್ನ ಬುತ್ತಿಗೆ ಚಾಚಿದ ಕೈ ಒಂದು ಗೇಣು ಈಚೆಗೇ ಬಿತ್ತು. ಮತ್ತೆ ಚಾಚಿದ, ಮತ್ತೆ ತಪ್ಪಿತು. ಒಂಟಿಗಣ್ಣಿಗೆ ಮೊದಮೊದಲು ದೂರ ತಿಳಿಯುವುದಿಲ್ಲ; ತುಂಗವ್ವನಿಗೂ ಹೀಗೇ ಆಗಿತ್ತು.

ಅವಳು ಬುತ್ತಿ ಬಿಚ್ಚಿ, ರೊಟ್ಟಿಯಲ್ಲಿ ಪಲ್ಯ ಸುತ್ತಿ ಅವನ ಕೈಗಿಟ್ಟಳು.