ಬಿಡೋರು ನಾವಲ್ಲ

“ಜನ ನಮಗೆ ಕೈಕೊಟ್ರು,” ಎಂದು ಸೋತ ಅಭ್ಯರ್ಥಿ ಪಕ್ಷದ ವಾರ್ಡ್ ಸಭೆಯಲ್ಲಿ ಹೇಳುತ್ತಿದ್ದಂತೆಯೇ ಮೂರನೆಯ ಸಾಲಿನಲ್ಲಿದ್ದ ಟೈಲರಮ್ಮ ಎದ್ದು ನಿಂತಳು. ಸಂಪ್ರದಾಯ, ಶಿಸ್ತು, ಸಂಸಾರ ಎನ್ನುವ ಆ ಹಳೆಯ ಪಕ್ಷಕ್ಕೆ ಮೂವತ್ತು ವರ್ಷದಿಂದ ಕಣ್ಣುಮುಚ್ಚಿ ಓಟು ಹಾಕಿದವಳು. “ಸುಮ್ನೆ ಕೂತ್ಕೊಳೇ, ದೊಡ್ಡೋರು ಮಾತಾಡ್ತಿದಾರೆ,” ಎಂದು ಪಕ್ಕದಲ್ಲಿದ್ದ ಗಂಡ ಪಿಸುಗುಟ್ಟಿದ. ಅವಳು ಕೂರಲಿಲ್ಲ.

“ಸರ್, ನಮ್ಮ ಬೀದೀಲಿ ಹತ್ತೊಂಬತ್ತು ಮನೆಯೋರು ಈ ಸಲ ಮತಗಟ್ಟೆ ಕಡೆ ತಲೇನೇ ಹಾಕ್ಲಿಲ್ಲ. ಎಲ್ಲಾ ನಮ್ಮೋರೇ. ಅಳತೆ ಕೊಡೋಕೆ ಬಂದಾಗ ಒಬ್ಬೊಬ್ರನ್ನೂ ಕೇಳ್ದೆ. ಆ ಕಡೆಯೋರಿಗೆ ಒಬ್ರೂ ಹಾಕಿಲ್ಲ. ನಮ್ಮ ಬೀದಿ ಸ್ಕೂಲು ಮುಚ್ಚಿದಾಗ ಇವ್ರೆಲ್ಲಾ ನಾಲ್ಕು ಸಲ ನಿಮ್ಮ ಆಫೀಸಿಗೆ ಬಂದ್ರಂತೆ. ನೀವು ಬಾಗಿಲಿಗೂ ಬರ್ಲಿಲ್ಲ. ಈಗ ಹೇಳಿ, ಕೈಕೊಟ್ಟೋರು ಯಾರು?”

ಅಭ್ಯರ್ಥಿಯ ಮುಖ ಕೆಂಪೇರಿತು. “ಅಷ್ಟು ಬೇಜಾರಿದ್ರೆ ಪಕ್ಷ ಬಿಟ್ಟು ಹೋಗಮ್ಮ. ಯಾರು ಹಿಡ್ಕೊಂಡಿದಾರೆ?”

ನಿಜ ಹೇಳಬೇಕೆಂದರೆ, ಬಿಟ್ಟುಬಿಡಬೇಕೆಂದೇ ಅವಳು ಬಂದಿದ್ದಳು. ಪಕ್ಷದ ಸದಸ್ಯತ್ವಕ್ಕೆ ಬರೆದ ರಾಜೀನಾಮೆ ಪತ್ರ ಕೈಚೀಲದಲ್ಲೇ ಇತ್ತು. ಆದರೆ ಆ ಮಾತು ಅವನ ಬಾಯಿಂದ ಬಂದೊಡನೆ, ಯಾರೋ ತನ್ನನ್ನು ತನ್ನ ಮನೆಯಿಂದಲೇ ಆಚೆ ಹಾಕುತ್ತಿದ್ದಾರೆ ಅನ್ನಿಸಿತು. ಸಾಲು ದಾಟಿ ಸೀದಾ ಮುಂದೆ ನಡೆದಳು. ವೇದಿಕೆಯ ಪಕ್ಕದ ಮೇಜಿನಲ್ಲಿ ಸಭೆಯ ವರದಿ ಬರೆಯುತ್ತಿದ್ದ ವಯಸ್ಸಾದ ಕಾರ್ಯದರ್ಶಿಯೆದುರು ನಿಂತಳು.

“ಅಣ್ಣಾ, ಮುಂದಿನ ಸಲ ಈ ವಾರ್ಡಿಗೆ ಟಿಕೆಟ್ ಕೇಳೋರಲ್ಲಿ ನನ್ನ ಹೆಸರೂ ಬರ್ಕೊಳಿ.”

ಕಾರ್ಯದರ್ಶಿ ಅಪ್ಪಣೆಗಾಗಿ ಅಭ್ಯರ್ಥಿಯತ್ತ ತಿರುಗಲೇ ಇಲ್ಲ. ಹೊಸ ಹಾಳೆ ತಿರುವಿ, ಪೆನ್ನಿನ ಮುಚ್ಚಳ ತೆಗೆದು, “ಪೂರ್ತಿ ಹೆಸರು ಹೇಳಮ್ಮ,” ಎಂದರು.